ಐದನೆಯ ಸ್ಥಳ

ಫೆಬ್ರವರಿ 11, 2025, ಮಂಗಳವಾರ

ಬಿಪಿ 150/90. ಮಾತ್ರೆ ಮೂರೂ ಆಯಿತು.

ಡಾಕ್ಟರು ನನ್ನ ಬಿಪಿಯನ್ನು ಇಷ್ಟು ಬರೆದಿಡಿ ಎಂದಿದ್ದಾರೆ. ತಾಮ್ರದ ತಂತಿ ಕಂಪನಿಯವರು ಕೊಟ್ಟ ಡೈರಿ ಇದು, ದಿನಕ್ಕೆ ಒಂದು ಪುಟ. ಒಂದು ಸಾಲು ಗೀಚಿ ಉಳಿದ ಪುಟ ಖಾಲಿ ಬಿಡುವುದು ನನ್ನಿಂದಾಗದ ಕೆಲಸ. ಅದಕ್ಕೇ ಉಳಿದದ್ದನ್ನೂ ಬರೆಯುತ್ತೇನೆ. ಯಾರೂ ಓದಬೇಕಾಗಿಲ್ಲ.

ಇವತ್ತು ಲೂರ್ದು ಮಾತೆಯ ಹಬ್ಬ, ಅಂದರೆ ನನ್ನ ಹೆಂಡತಿ ಲೂರ್ದಮ್ಮನ ಹೆಸರಿನ ಹಬ್ಬ. ಸ್ಟ್ರೋಕ್ ಆಗಿ ಇವತ್ತಿಗೆ ನಲವತ್ತು ದಿನ. ಬಲಗಡೆಯ ಕೈಕಾಲು ಬಿದ್ದಿದೆ. ಮಾತು ಹೋಗಿ ಒಂದೇ ಒಂದು ಉಳಿದಿದೆ, "ಆಯ್ತು". ಹಸಿವಾದರೂ ಆಯ್ತು, ನೋವಾದರೂ ಆಯ್ತು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದಕ್ಕೆ ಒಂದು ಸಲವೂ ಆಯ್ತು ಅನ್ನದ ಹೆಂಗಸು!

ನಮಗೆ ಮಕ್ಕಳಿಲ್ಲ. ಆದರೆ ಈ ಇನ್ನಾಸಪ್ಪನಿಗೆ ಯಾರ ಹಂಗೂ ಬೇಕಾಗಿಲ್ಲ. ಅವಳಿಗೆ ಸ್ನಾನ ನಾನೇ ಮಾಡಿಸುತ್ತೇನೆ, ಗಂಜಿ ನಾನೇ ಕುಡಿಸುತ್ತೇನೆ, ಜಡೆ ನಾನೇ ಹಾಕುತ್ತೇನೆ. ಹತ್ತು ಗಂಟೆಗೆ ಬಸ್ ಸ್ಟ್ಯಾಂಡ್ ಹಿಂದಿನ ನನ್ನ ಅಂಗಡಿ ತೆಗೆದು ಮೋಟಾರ್ ವೈಂಡಿಂಗಿಗೆ ಕೂರುತ್ತೇನೆ, ಗಂಟೆಗೊಂದು ಸಲ ಸೈಕಲ್ಲಿನಲ್ಲಿ ಬಂದು ನೋಡಿಕೊಂಡು ಹೋಗುತ್ತೇನೆ. ಮೂವತ್ತೊಂದು ವರ್ಷದಲ್ಲಿ ನಾನು ಸುತ್ತಿದ ಒಂದು ಮೋಟಾರೂ ಸುಟ್ಟು ವಾಪಸ್ ಬಂದಿಲ್ಲ. ತರೀಕೆರೆಯಲ್ಲಿ ಈ ಮಾತು ಹೇಳುವ ಇನ್ನೊಬ್ಬ ಇದ್ದರೆ ಬರಲಿ.

ಪಕ್ಕದ ಮನೆಯ ದ್ಯಾವಮ್ಮ ಬಂದಿದ್ದಳು. ಎರಡು ಎಮ್ಮೆ ಸಾಕಿಕೊಂಡು ಒಬ್ಬಳೇ ಇರುವ ಗಟ್ಟಿ ಮುದುಕಿ. ಲೂರ್ದಮ್ಮನಿಗೆ ತಾನು ನೀರು ಹಾಕುತ್ತೇನೆ ಎಂದಳು. ಬೇಡ, ನಾನಿದ್ದೇನೆ ಎಂದು ಹೇಳಿ ಕಳಿಸಿದೆ.

ಫೆಬ್ರವರಿ 19, ಬುಧವಾರ

ಬಿಪಿ 140/90.

ನಮ್ಮ ಚರ್ಚಿನ ಹೆಂಗಸರು ಸರದಿ ಹಾಕಿಕೊಂಡು ಊಟ ಕಳಿಸುತ್ತಾರಂತೆ. ಮೊದಲನೆಯ ಕ್ಯಾರಿಯರ್ ಇವತ್ತು ಬಂತು. ತೆಗೆದೂ ನೋಡದೆ ವಾಪಸ್ ಕಳಿಸಿದೆ. ನಾನೇನು ಕೈಲಾಗದವನೇ? ಹುಳಿ ಅನ್ನ ಮಾಡಿದ್ದೆ, ತಳ ಸ್ವಲ್ಪ ಹಿಡಿದಿತ್ತು. ಲೂರ್ದಮ್ಮ ಎರಡು ತುತ್ತಿಗೆ ಆಯ್ತು ಎಂದಳು.

ದ್ಯಾವಮ್ಮ ಬಾಗಿಲಲ್ಲೇ ನಿಂತು ಅವಳ ಜಡೆ ನೋಡಿ ನಕ್ಕಳು. "ಏನಪ್ಪಾ ಇನ್ನಾಸಪ್ಪ, ಹೆಣ್ಮಗಳ ತಲೆನೂ ಮೋಟಾರು ಸುತ್ತಿದಂಗೇ ಸುತ್ತಿದ್ದೀಯಲ್ಲ" ಅಂದಳು. ಲೂರ್ದಮ್ಮನೂ ಅರ್ಧ ಮುಖದಲ್ಲಿ ನಕ್ಕಳು. ನನಗೆ ಮೈ ಉರಿಯಿತು. ಜಡೆ ಬಿಗಿಯಾಗಿತ್ತು ಅಷ್ಟೆ. ಬಿಗಿಯಾಗಿದ್ದರೆ ತಪ್ಪೇನು?

ನಾಳೆಯಿಂದ ಬೆಳಿಗ್ಗೆ ಸ್ನಾನದ ಹೊತ್ತಿಗೆ ಬೀದಿ ಬಾಗಿಲ ಚಿಲಕ ಹಾಕಿಕೊಳ್ಳಬೇಕು.

ಮಾರ್ಚ್ 5, ಬೂದಿ ಬುಧವಾರ

ಬಿಪಿ 150/100.

ಇವತ್ತಿನಿಂದ ತಪಸ್ಸುಕಾಲ, ಈಸ್ಟರ್ ತನಕ ಉಪವಾಸ. ಪೂಜೆಯಾದ ಮೇಲೆ ಫಾದರ್ ಪ್ರಸನ್ನಕುಮಾರ್ ನನ್ನನ್ನು ನಿಲ್ಲಿಸಿ, ಈ ಸಲ ಶುಭ ಶುಕ್ರವಾರದ ಶಿಲುಬೆಯನ್ನು ಆನಂದ್ ಹೊರಲಿ, ನಿಮಗೆ ಮನೆಯಲ್ಲೇ ಸಾಕಷ್ಟು ಇದೆ ಎಂದರು.

ನನಗೆ ಸಿಟ್ಟು ಬಂತು. ಆ ಶಿಲುಬೆ ನಮ್ಮಪ್ಪ ಹೊನ್ನೆ ಮರದಲ್ಲಿ ಮಾಡಿದ್ದು. ಅಡಿಕೆ ಮಂಡಿಯಲ್ಲಿ ತೂಗಿಸಿದ್ದೇನೆ, ನಲವತ್ತೆರಡು ಕಿಲೋ. ಬೇರೆ ಊರುಗಳಲ್ಲಿ ಒಳಗೆ ಟೊಳ್ಳಿರುವ ಪ್ಲೈವುಡ್ ಶಿಲುಬೆ ಹೊತ್ತು ನರಳುವ ನಾಟಕ ಮಾಡುತ್ತಾರೆ. ನಮ್ಮದು ಹಾಗಲ್ಲ. ಯೇಸುಸ್ವಾಮಿಯ ಬಿಳಿ ಅಂಗಿ ತೊಟ್ಟು, ದೇವಾಲಯದ ಬಾಗಿಲಿನಿಂದ ಬೀದಿ ಸುತ್ತಿ, ಸ್ವಾಮಿ ಸಾವಿಗೆ ನಡೆದ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ನಿಂತು, ಹತ್ತೊಂಬತ್ತು ವರ್ಷ ನಾನೊಬ್ಬನೇ ಹೊತ್ತಿದ್ದೇನೆ.

ಐದನೆಯ ಸ್ಥಳದಲ್ಲಿ ಸಿರೇನಿನ ಸಿಮೋನ ಬಂದು ಯೇಸುವಿಗೆ ಶಿಲುಬೆ ಹೊರಲು ನೆರವಾಗಬೇಕು. ಆ ಪಾತ್ರ ಆನಂದನದು. ಅವನು ನನ್ನ ಹತ್ತಿರವೇ ಕೆಲಸ ಕಲಿತು ಈಗ ಅಜ್ಜಂಪುರದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಮೊದಲ ವರ್ಷವೇ ಅವನಿಗೆ ಹೇಳಿದ್ದೆ: "ಕೈ ಇಟ್ಟಂಗೆ ಮಾಡು ಕಣೋ, ಭಾರ ಮಾತ್ರ ತಗೋಬೇಡ." ಇಷ್ಟು ವರ್ಷವೂ ಅವನು ಮರದ ಮೇಲೆ ಸುಮ್ಮನೆ ಕೈ ಇಟ್ಟುಕೊಂಡು ನಡೆದಿದ್ದಾನೆ. ಜನಕ್ಕೆ ಗೊತ್ತಿಲ್ಲ. ನನಗೆ ಗೊತ್ತು, ದೇವರಿಗೆ ಗೊತ್ತು.

ಇದನ್ನು ಫಾದರಿಗೆ ಹೆಮ್ಮೆಯಿಂದಲೇ ಹೇಳಿದೆ. ಅವರು, "ಮನೇಲಿ ಲೂರ್ದಮ್ಮನ್ನ ಯಾರು ನೋಡ್ಕೊಳ್ತಿದ್ದಾರೆ?" ಎಂದು ಕೇಳಿದರು.

"ನಾನು. ಇನ್ಯಾರು?" ಎಂದೆ.

ಮಾರ್ಚ್ 14, ಶುಕ್ರವಾರ

ಬಿಪಿ ನೋಡಲಿಲ್ಲ, ಮರೆತೆ.

ಲಿಂಗದಹಳ್ಳಿಯಿಂದ ತೀರ್ಥಪ್ಪ ಬಂದ. ಮೊನ್ನೆ ತಾನೇ ಸುತ್ತಿಕೊಟ್ಟ ಅವನ ಐದು ಎಚ್‌ಪಿ ಮೋಟಾರನ್ನು ಆಟೋದಿಂದ ಇಳಿಸಿ ನನ್ನ ಮುಂದೆ ಇಟ್ಟ. ಸುಟ್ಟಿತ್ತು. ಬಿಚ್ಚಿ ನೋಡಿದೆ. ಒಂದು ಕಾಯಿಲಿನಲ್ಲಿ ಸುತ್ತು ಕಡಿಮೆ ಬಿದ್ದಿದೆ. ಅವತ್ತು ಎಣಿಸುವಾಗ ಲೂರ್ದಮ್ಮನ ಎರಡು ಗಂಟೆಯ ಮಾತ್ರೆ ನೆನಪಾಗಿ ಸೈಕಲ್ ಹತ್ತಿ ಮನೆಗೆ ಬಂದಿದ್ದೆ, ವಾಪಸ್ ಹೋಗಿ ಎಣಿಕೆಯನ್ನು ಅಂದಾಜಿನ ಮೇಲೆ ಹಿಡಿದಿದ್ದೆ.

ತೀರ್ಥಪ್ಪ ಮೋಟಾರು ಬಿಟ್ಟು ಅದೇ ಆಟೋ ಹತ್ತಿ ಹೊರಟುಹೋದ. ಬೈದಿದ್ದರೆ ವಾಸಿಯಿತ್ತು.

ಆನಂದ್ ಫೋನ್ ಮಾಡಿದ್ದ. ಕೆಲಸ ಹೆಚ್ಚಾಗಿದ್ದರೆ ನಾಲ್ಕು ಮೋಟಾರು ತನಗೆ ಕಳಿಸಿ, ನಿಮ್ಮ ಹೆಸರಿನಲ್ಲೇ ಸುತ್ತಿ ಕೊಡುತ್ತೇನೆ ಎಂದ. ಇಷ್ಟು ಬೇಗ ಅವನ ಕಿವಿಗೆ ಯಾರು ಹಾಕಿದರೋ. ಗುರುವಿಗೇ ತಿರುಮಂತ್ರ ಹೇಳಬೇಡ ಎಂದು ಇಟ್ಟುಬಿಟ್ಟೆ.

ಮಾರ್ಚ್ 21, ಶುಕ್ರವಾರ

ಇವತ್ತು ಬರೆಯುವುದಿಲ್ಲ.

ಮಾರ್ಚ್ 22, ಶನಿವಾರ

ಬರೆಯಲೇಬೇಕು.

ನಿನ್ನೆ ಬೆಳಿಗ್ಗೆ ಎಂಟೂವರೆಗೆ ಸ್ನಾನ ಮಾಡಿಸಿ ಅವಳನ್ನು ಎತ್ತುವಾಗ ನನ್ನ ಸೊಂಟ ಹಿಡಿಯಿತು. ಒಂದು ವಾರದಿಂದ ನೋಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ, ಈ ಡೈರಿಗೂ ಹೇಳಿರಲಿಲ್ಲ. ಒದ್ದೆ ಮೈ, ಕೈ ಜಾರಿತು. ಅವಳು ಬಿದ್ದಳು, ಅವಳ ಪಕ್ಕದಲ್ಲೇ ನಾನೂ ಬಿದ್ದೆ. ನನಗೆ ಏಳಲು ಆಗಲಿಲ್ಲ. ಅವಳು ಒದ್ದೆ ನೆಲದ ಮೇಲೆ ಬರೀ ಮೈಯಲ್ಲಿ ನಡುಗುತ್ತಿದ್ದಳು. ಹಗ್ಗದ ಮೇಲಿದ್ದ ಟವೆಲ್ಲು ನನ್ನ ಕೈಗೆ ಎಟುಕಲಿಲ್ಲ. ಬೀದಿ ಬಾಗಿಲಿಗೆ ಚಿಲಕ. ಹಾಕಿದವನು ನಾನೇ.

ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆಯಿತು. ನಾನು ಕೂಗಲಿಲ್ಲ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ: ಕೂಗಲು ನನಗೆ ಬಾಯಿ ಬರಲಿಲ್ಲ. ಕೂಗಿದವಳು ಲೂರ್ದಮ್ಮ, ತನಗಿದ್ದ ಒಂದೇ ಮಾತಿನಲ್ಲಿ.

ದ್ಯಾವಮ್ಮ ಹೊಲದಿಂದ ಹುಲ್ಲಿನ ಹೊರೆ ಹೊತ್ತುಕೊಂಡು ಮನೆಗೆ ಬರುತ್ತಿದ್ದಳಂತೆ. ಸದ್ದು ಕೇಳಿ ಹೊರೆಯನ್ನು ದಾರಿಯಲ್ಲೇ ಎಸೆದು, ಕೊಟ್ಟಿಗೆಯ ಗೋಡೆ ಹತ್ತಿ ಹಿತ್ತಲಿಗೆ ಇಳಿದಳು. ಅರವತ್ತೆಂಟು ವರ್ಷದ ಹೆಂಗಸು. ಮೊದಲು ತನ್ನ ಹಸಿರು ಸೀರೆಯ ಸೆರಗು ಬಿಚ್ಚಿ ಲೂರ್ದಮ್ಮನ ಮೈಗೆ ಹೊದಿಸಿದಳು. ನನ್ನ ಮುಖ ನೋಡಲಿಲ್ಲ.

"ನೀ ಗೋಡೆ ಹಿಡ್ಕಂಡು ಎದ್ದು ಆಚೆ ಹೋಗು. ಇವಳನ್ನ ನಾ ನೋಡ್ಕತೀನಿ" ಅಂದಳು.

ಲೂರ್ದಮ್ಮನ ಎಡಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ. ಅವಳಿಗೆ ಉಳಿದಿದ್ದ ಒಂದೇ ಒಂದು ಒಳ್ಳೆಯ ಕೈ.

ಎಲ್ಲಿ ಹೋಗಿದ್ದೆ ಪ್ರಭುವೇ? ಹತ್ತೊಂಬತ್ತು ವರ್ಷ ನಿನ್ನ ಮರ ಹೊತ್ತವನು ನಾನು. ಇವಳೊಬ್ಬಳನ್ನು ಹೊರುವ ಶಕ್ತಿ ಕೊಡಲು ನಿನಗಾಗಲಿಲ್ಲವೇ?

ಮಾರ್ಚ್ 25, ಮಂಗಳವಾರ

ಬಿಪಿ 170/100. ಡಾಕ್ಟರು ಮಾತ್ರೆ ಬದಲಾಯಿಸಿದರು.

ಫಾದರ್ ಮನೆಗೆ ಬಂದರು. ಚಿಕ್ಕಮಗಳೂರಿನ ಕಡೆ ಕನ್ಯಾಸ್ತ್ರೀಯರ ಒಂದು ಮನೆ ಇದೆಯಂತೆ, ಹಾಸಿಗೆ ಹಿಡಿದವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಂತೆ. ಸ್ವಲ್ಪ ಕಾಲ ಲೂರ್ದಮ್ಮ ಅಲ್ಲಿರಲಿ, ಹೀಗೇ ಆದರೆ ಇಬ್ಬರೂ ಉಳಿಯುವುದಿಲ್ಲ ಎಂದರು. ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ, ಅದು ನನಗೂ ಗೊತ್ತು.

ಲೂರ್ದಮ್ಮ ಆಯ್ತು ಅನ್ನಲಿಲ್ಲ. ಬಾಯಿ ಬಿಗಿಹಿಡಿದು ಕಣ್ಣಲ್ಲಿ ನೀರು ಸುರಿಸಿದಳು. ಈ ಮನೆಗೆ ಮದುವೆಯಾಗಿ ಬಂದವಳು, ಇಲ್ಲಿಂದ ಅವಳನ್ನು ಆಂಬುಲೆನ್ಸಿಗೆ ಹತ್ತಿಸಿ ಹೇಗೆ ಕಳಿಸಲಿ? ಈಸ್ಟರ್ ತನಕ ಟೈಮ್ ಕೊಡಿ ಎಂದೆ. ಅಷ್ಟರಲ್ಲಿ ಒಂದು ದಾರಿಯಾಗದಿದ್ದರೆ ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ ಎಂದೂ ಮಾತು ಕೊಟ್ಟೆ.

ಮೂರು ದಿನದಿಂದ ಜಪಸರ ಹಿಡಿದಿರಲಿಲ್ಲ. ಸಂಜೆ ಲೂರ್ದಮ್ಮ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಜಪಸರದ ಕಡೆಗೆ ಗಲ್ಲ ಎತ್ತಿ ಎತ್ತಿ ತೋರಿಸಿದಳು. ಸಿಟ್ಟಿನಲ್ಲೇ ತೆಗೆದು ಸಿಟ್ಟಿನಲ್ಲೇ ಹೇಳಿದೆ. ಒಂದೊಂದು ಮಣಿಗೂ ನಾನು ಆಮೆನ್ ಅಂದರೆ ಅವಳು ಆಯ್ತು ಅನ್ನುತ್ತಾಳೆ. ಐವತ್ತಮೂರು ಸಲ ಅಂದಳು. ಮುಗಿಯುವ ಹೊತ್ತಿಗೆ ನನ್ನ ಸಿಟ್ಟು ಎಲ್ಲಿಟ್ಟೆನೋ ಸಿಗಲಿಲ್ಲ.

ಮಾರ್ಚ್ 28, ಶುಕ್ರವಾರ

ಬಿಪಿ 150/90.

ಸಂಜೆ ದೇವಾಲಯದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಇತ್ತು. ಮುಂದೆ ನಿಲ್ಲುವವನು ನಾನು. ಇವತ್ತು ಸೊಂಟದ ಬೆಲ್ಟ್ ಕಾಣಬಾರದೆಂದು ಹಿಂದಿನ ಬೆಂಚಿನಲ್ಲಿ ಕುಳಿತೆ. ಹಿಂದೆ ಕುಳಿತರೆ ಕೇಳುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ.

ಐದನೆಯ ಸ್ಥಳ. ಹೊಲದಿಂದ ಬರುತ್ತಿದ್ದ ಸಿಮೋನನೆಂಬವನನ್ನು ಹಿಡಿದು ಶಿಲುಬೆ ಹೊರಿಸಿದರು ಎಂದು ಫಾದರ್ ಓದಿದರು. ಐವತ್ತು ವರ್ಷದಿಂದ ಕೇಳುತ್ತಿದ್ದೇನೆ. ಹೊಲದಿಂದ ಬರುತ್ತಿದ್ದವನು ಎಂಬುದು ಇವತ್ತೇ ಕಿವಿಗೆ ಬಿತ್ತು. ಶಿಷ್ಯನಲ್ಲ, ನೆಂಟನಲ್ಲ, ತನ್ನ ಪಾಡಿಗೆ ಮನೆಗೆ ಹೊರಟವನು. ತಲೆಯ ಮೇಲೆ ಹುಲ್ಲಿನ ಹೊರೆ ಇತ್ತೋ ಏನೋ, ಬೈಬಲ್ಲಿನಲ್ಲಿ ಬರೆದಿಲ್ಲ.

ಇನ್ನೊಂದು ವಿಷಯ. ಯೇಸುಸ್ವಾಮಿ ಅವನಿಗೆ ಬೇಡ ಅನ್ನಲಿಲ್ಲ. ಲೋಕವನ್ನೇ ಹೊತ್ತವನು, ಒಂದು ಮರ ಹೊರಲು ಇನ್ನೊಬ್ಬ ಯಾಕೆ ಅನ್ನಬಹುದಿತ್ತು. ಅನ್ನಲಿಲ್ಲ. ಕೈ ಇಟ್ಟಂಗೆ ಮಾಡು ಎಂದೂ ಹೇಳಲಿಲ್ಲ.

ಆಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ, ದೇವಾಲಯಕ್ಕೆ ಬೀಗ ಹಾಕುವವನು ಬಂದು ಎಬ್ಬಿಸಿದ. ದೇವರ ಹತ್ತಿರ ಏನೂ ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಎದೆಯಲ್ಲಿ ಹಗಲೆಲ್ಲ ಓಡುತ್ತಿದ್ದ ಮೋಟಾರನ್ನು ಯಾರೋ ಆಫ್ ಮಾಡಿದ ಹಾಗಿತ್ತು. ಹೊಸ ಮಾತ್ರೆಯ ಗುಣ ಇರಬೇಕು.

ಬೀದಿ ಬಾಗಿಲ ಚಿಲಕ ಯಾಕೋ ಬಿಗಿಯಾಗಿದೆ. ಎಣ್ಣೆ ಬಿಡುವ ತನಕ ಹಗಲು ಹೊತ್ತು ಹಾಕುವುದು ಬೇಡ.

ಏಪ್ರಿಲ್ 2, ಬುಧವಾರ

ಬಿಪಿ 140/90.

ಈಗ ಬೆಳಿಗ್ಗೆ ಎಂಟಕ್ಕೆ ದ್ಯಾವಮ್ಮ ತನ್ನದೇ ಮನೆ ಎಂಬಂತೆ ನುಗ್ಗುತ್ತಾಳೆ. ನನ್ನನ್ನು ಹೊರಗೆ ಅಟ್ಟಿ ಸ್ನಾನ ಮಾಡಿಸುತ್ತಾಳೆ. ಕಾಲು ಹಿಡಿ ಅಂದಾಗ ನಾನು ಕಾಲು ಹಿಡಿಯಬೇಕು, ಬಿಡು ಅಂದಾಗ ಬಿಡಬೇಕು. ಹಾಸಿಗೆಯಿಂದ ಕುರ್ಚಿಗೆ ಇಬ್ಬರು ಸೇರಿ ಎತ್ತಿದರೆ ಲೂರ್ದಮ್ಮ ಹತ್ತಿಯಷ್ಟೇ ಹಗುರ. ಜಡೆ ದ್ಯಾವಮ್ಮನೇ ಹಾಕುತ್ತಾಳೆ. ನನ್ನದಕ್ಕಿಂತ ಚೆನ್ನಾಗಿದೆ ಅಂತೇನಿಲ್ಲ, ಸಡಿಲವಾಗಿದೆ.

ಮಧ್ಯಾಹ್ನದ ಕ್ಯಾರಿಯರ್ ಬರುತ್ತಿದೆ. ಸೋಮವಾರದವರ ಸಾರಿಗೆ ಉಪ್ಪು ಕಡಿಮೆ. ಹೇಳಿ ಕಳಿಸಿದ್ದೇನೆ.

ಲೂರ್ದಮ್ಮ ಗುಣವಾಗಲಿ ಎಂದು ದ್ಯಾವಮ್ಮ ಅಂತರಘಟ್ಟಮ್ಮನಿಗೆ ಹರಕೆ ಹೊತ್ತಿದ್ದಾಳಂತೆ. ಮೊದಲಾಗಿದ್ದರೆ ನಾನು ವಾದಕ್ಕೆ ಇಳಿಯುತ್ತಿದ್ದೆ. "ನಿಮ್ ಸಾಮಿಗೆ ನೀವ್ ಹೇಳ್ಕಳಿ, ನಮ್ಮಮ್ಮಂಗೆ ನಾ ಹೇಳ್ಕತೀನಿ. ಹುಷಾರಾಗದು ಮುಖ್ಯ ಕಣಪ್ಪಾ" ಅಂದಳು. ಕಾಫಿ ಕೊಟ್ಟೆ.

ಇವತ್ತು ಲೂರ್ದಮ್ಮನಿಗೆ ಇನ್ನೊಂದು ಮಾತು ಬಂತು. ಬಾಗಿಲಲ್ಲಿ ದ್ಯಾವಮ್ಮನ ನೆರಳು ಕಂಡೊಡನೆ "ಬಾ" ಅಂದಳು, ಸ್ಪಷ್ಟವಾಗಿ. ಮೂರು ತಿಂಗಳು ಹಗಲೂ ರಾತ್ರಿ ಮಾಡಿದವನು ನಾನು, ಮೊದಲ ಮಾತು ಸಿಕ್ಕಿದ್ದು ಅವಳಿಗೆ. ಹೊಟ್ಟೆ ಉರಿಯಿತು. ಆಮೇಲೆ ಅಂಗಡಿಗೆ ಬಂದ ಆರು ಜನಕ್ಕೂ ಅದನ್ನೇ ಹೇಳಿದೆ. ನನ್ನ ಹೆಂಡತಿ ಸಾಮಾನ್ಯದವಳಲ್ಲ.

ನಾಲ್ಕು ಮೋಟಾರನ್ನು ಅಜ್ಜಂಪುರದ ಬಸ್ಸಿಗೆ ಹಾಕಿಸಿ ಆನಂದನಿಗೆ ಕಳಿಸಿದೆ. ಅವನ ಕೈ ಹೇಗಿದೆ ಎಂದು ಪರೀಕ್ಷೆ ಮಾಡಲು.

ಏಪ್ರಿಲ್ 13, ಗರಿಗಳ ಭಾನುವಾರ

ಬಿಪಿ 130/90.

ಆನಂದ್ ಸುತ್ತಿದ ಮೋಟಾರುಗಳನ್ನು ಬಿಚ್ಚಿ ನೋಡಿದ್ದೆ. ಸುತ್ತು ಸರಿ, ಗಂಟು ಸರಿ. ಕಲಿಸಿದವನು ಯಾರು!

ಪೂಜೆಯಾದ ಮೇಲೆ ಫಾದರ್ ಶಿಲುಬೆಯ ವಿಷಯ ಕೇಳಿದರು. ನಾನೇ ಹೊರುತ್ತೇನೆ ಎಂದೆ. ಸೊಂಟ ಎಂದರು. ಐದನೆಯ ಸ್ಥಳದ ತನಕ ಹೊರುತ್ತೇನೆ, ಆಮೇಲಿನದು ನೋಡೋಣ ಎಂದೆ. ದ್ಯಾವಮ್ಮನಿಗೆ ಹೇಳಿದ್ದಕ್ಕೆ, "ನಿಮ್ ಯೇಸುಸಾಮಿಗೆ ಇಷ್ಟ್ ದೊಡ್ ಹೊಟ್ಟೆ ಇತ್ತಾ?" ಎಂದು ಕೇಳಿದಳು. ಮರ್ಯಾದೆ ಗೊತ್ತಿಲ್ಲದ ಮುದುಕಿ.

ಏಪ್ರಿಲ್ 18, ಶುಭ ಶುಕ್ರವಾರ

ಬಿಪಿ ನೋಡಲು ಪುರುಸೊತ್ತಾಗಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಸೊಂಟಕ್ಕೆ ಬೆಲ್ಟ್ ಕಟ್ಟಿ ಮೇಲೆ ಬಿಳಿ ಅಂಗಿ ಹಾಕಿದ್ದೆ. ಮೊದಲೆರಡು ಸ್ಥಳ ಹಳೆಯ ಹಾಗೇ ನಡೆದೆ. ಮೂರನೆಯದರಲ್ಲಿ ಯೇಸು ಮೊದಲ ಸಲ ಬೀಳಬೇಕು. ಬಿದ್ದೆ, ಏಳಲು ಎರಡು ಸಲ ನೆಲಕ್ಕೆ ಕೈ ಊರಬೇಕಾಯಿತು. ಜನ ಅದನ್ನು ಪಾತ್ರ ಎಂದುಕೊಂಡರು. ನಾಲ್ಕನೆಯದಕ್ಕೆ ಕಣ್ಣಿಗೆ ಕತ್ತಲೆ ಬಂತು.

ಐದನೆಯ ಸ್ಥಳ ನಮ್ಮ ಬೀದಿಯ ತಿರುವಿನಲ್ಲಿ. ಅಲ್ಲಿ ದ್ಯಾವಮ್ಮ ಗಾಲಿಕುರ್ಚಿಯಲ್ಲಿ ಲೂರ್ದಮ್ಮನನ್ನು ಕೂರಿಸಿಕೊಂಡು ನಿಂತಿದ್ದಳು. ನೆರಳಿಗೆಂದು ಅವಳ ತಲೆಯ ಮೇಲೆ ತನ್ನ ಸೆರಗು ಹಿಡಿದಿದ್ದಳು. ಅವತ್ತು ಬಚ್ಚಲಿನಲ್ಲಿ ಹೊದಿಸಿದ ಅದೇ ಹಸಿರು ಸೀರೆ.

ಆನಂದ್ ಬಂದು ಎಂದಿನಂತೆ ಮರದ ಮೇಲೆ ಕೈ ಇಟ್ಟ. ಲೂರ್ದಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಹೆಗಲು ತಗ್ಗಿಸಿ ಭಾರವನ್ನು ಅವನ ಕಡೆಗೆ ಬಿಟ್ಟೆ.

ಅವನು ತಯಾರಿರಲಿಲ್ಲ ಪಾಪ. ಎರಡು ಹೆಜ್ಜೆ ತೂರಾಡಿದ. ಮರ ಅವನ ಕುತ್ತಿಗೆಗೆ ಬಂತು.

"ಅಣ್ಣಾ, ನಿಜವಾಗ್ಲೂ ಬಿಟ್ಬುಟ್ರಾ?" ಅಂದ, ಮೆಲ್ಲಗೆ.

"ಬಿಟ್ಟೆ ಕಣೋ. ಹಿಡ್ಕೋ."

ಹಿಡಿದುಕೊಂಡ. ಹೆಗಲು ಕೊಟ್ಟು, ಕಾಲೂರಿ, ಹೊನ್ನೆ ಮರವನ್ನು ಒಂದು ಚೂರೂ ಕೆಳಗಿಳಿಸದೆ ಹಿಡಿದುಕೊಂಡ. ಅಲ್ಲಿಂದ ಮುಂದೆ ತಲೆಯ ಕಡೆ ಅವನು, ಬಾಲದ ಕಡೆ ನಾನು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಾದಿಯಲ್ಲಿ ತಲೆ ಎತ್ತಿದೆ. ಭಾರ ಪೂರ್ತಿ ನನ್ನ ಮೇಲಿದ್ದಾಗ ನೆಲ ಮಾತ್ರ ಕಾಣುತ್ತಿತ್ತು. ಇವತ್ತು ಜನರ ಮುಖಗಳು ಕಂಡವು. ಎಷ್ಟೊಂದು ಜನ ಅಳುತ್ತಾ ಪ್ರಾರ್ಥನೆ ಮಾಡುತ್ತಿದ್ದರು, ಸೋಮವಾರದ ಉಪ್ಪಿಲ್ಲದ ಸಾರಿನವರೂ ಇದ್ದರು. ಹೊತ್ತು ಹೊತ್ತು ನಾನು ಇವರನ್ನು ನೋಡಿಯೇ ಇರಲಿಲ್ಲ. ಮನಸ್ಸಿಗೆ ಬಹಳ ಸಮಾಧಾನವಾಯಿತು ಪ್ರಭುವೇ. ಇಷ್ಟು ಸಮಾಧಾನ ಮೆಡಲ್ ಕೊಟ್ಟಿದ್ದರೂ ಆಗುತ್ತಿರಲಿಲ್ಲ.

ಆನಂದನ ಹೆಗಲು ಕೆಂಪಾಗಿ ಊದಿಕೊಂಡಿದೆ. ಎಣ್ಣೆ ಹಚ್ಚಿ ಕಳಿಸಿದೆ. ಮುಂದಿನ ವರ್ಷದಿಂದ ಬಿಳಿ ಅಂಗಿ ಅವನೇ ತೊಡಲಿ ಎಂದು ಫಾದರಿಗೆ ಹೇಳುತ್ತೇನೆ. ತರೀಕೆರೆಯಲ್ಲಿ ಅಂಥ ಹೆಗಲು ಇನ್ನೊಬ್ಬನಿಗೆ ಇದ್ದರೆ ಬರಲಿ. ಸಿಮೋನನ ಪಾತ್ರಕ್ಕೆ ಸೊಂಟ ವಾಸಿಯಾದರೆ ನಾನಿದ್ದೇನೆ.

ಏಪ್ರಿಲ್ 20, ಈಸ್ಟರ್ ಭಾನುವಾರ

ಬಿಪಿ 130/80. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ.

ಗಡುವಿನ ದಿನ ಇವತ್ತು. ಬೆಳಿಗ್ಗೆಯಿಂದ ಅದೇ ಯೋಚನೆ. ಹನ್ನೊಂದಕ್ಕೆ ಫಾದರ್ ಬಂದರು. ಬಾಗಿಲು ತೆರೆದೇ ಇತ್ತು. ಅವರಿಗೆ ಕೂರಲು ಜಾಗ ಮಾಡಿಕೊಡುವುದೇ ಕಷ್ಟವಾಯಿತು. ಒಂದು ಕುರ್ಚಿಯ ಮೇಲೆ ಕ್ಯಾರಿಯರುಗಳು, ಇನ್ನೊಂದರಲ್ಲಿ ಆನಂದನ ಡ್ರಿಲ್ಲಿಂಗ್ ಮೆಷಿನ್ನು. ಅವನು ಅಜ್ಜಂಪುರದಿಂದ ಕಬ್ಬಿಣದ ಪೈಪು ತಂದು, ಪ್ಲಾಸ್ಟರ್ ಬಿಚ್ಚಿದ ಮೇಲೆ ಲೂರ್ದಮ್ಮ ಹಿಡಿದುಕೊಳ್ಳಲೆಂದು ಬಚ್ಚಲ ಗೋಡೆಗೆ ಕೂರಿಸುತ್ತಿದ್ದ. ದ್ಯಾವಮ್ಮ ಅವಳಿಗೆ ಪಾಯಸ ತಿನ್ನಿಸುತ್ತಾ ನನ್ನ ಅಡುಗೆಯನ್ನು ಬೈಯುತ್ತಿದ್ದಳು. ಫಾದರನ್ನು ಕಂಡು ಲೂರ್ದಮ್ಮ "ಬಾ" ಅಂದಳು. ಗುರುಗಳನ್ನು ಏಕವಚನದಲ್ಲಿ ಕರೆದದ್ದಕ್ಕೆ ನಾನು ಕ್ಷಮೆ ಕೇಳಿದೆ.

ಫಾದರ್ ಎಲ್ಲರನ್ನೂ ಆಶೀರ್ವದಿಸಿ, ಪಾಯಸ ಕುಡಿದು ಎದ್ದರು. ಕನ್ಯಾಸ್ತ್ರೀಯರ ಮನೆಯ ಮಾತು ಈಗ ತೆಗೆಯುತ್ತಾರೆ ಎಂದು ನಾನು ಕಾದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿ, "ಲೂರ್ದಮ್ಮನ್ನ ಯಾರು ನೋಡ್ಕೊಳ್ತಿದ್ದಾರೆ ಈಗ?" ಎಂದರು. ಕಣ್ಣೆದುರಿಗೇ ಕಾಣುವಾಗ ಇದೆಂಥ ಪ್ರಶ್ನೆ.

"ನಾವು. ಇನ್ಯಾರು?" ಎಂದೆ.

ಅವರು ನನ್ನ ಹೆಗಲು ತಟ್ಟಿ, ನಗುತ್ತಾ ಹೊರಟುಬಿಟ್ಟರು. ಆ ಮಾತು ತೆಗೆಯಲೇ ಇಲ್ಲ. ಯಾಕೆ ನಕ್ಕರೋ ನನಗಂತೂ ತಿಳಿಯಲಿಲ್ಲ.